ಬಡಾವಣೆಗೆ ನೀರು ನುಗ್ಗುತ್ತಿದೆಯೇ? ರಾಜಕಾಲುವೆ ಹಿಡಿದು ಕೆಳಗೆ ನಡೆಯಿರಿ

ಜೋರು ಮಳೆ ಬಂದ ಮರುದಿನ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಎರಡು ಮಾತು ಬಂದೇ ಬರುತ್ತವೆ. ಒಂದು, "ನಮ್ಮ ರಸ್ತೆಗೆ ದೊಡ್ಡ ಚರಂಡಿ ಹಾಕಿಸಬೇಕು." ಇನ್ನೊಂದು, "ರಸ್ತೆ ಎತ್ತರ ಮಾಡಿಸಬೇಕು." ಎರಡೂ ಆದ ಬಡಾವಣೆಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ರಸ್ತೆ ಎತ್ತರವಾದರೆ ನೀರು ರಸ್ತೆ ಬಿಟ್ಟು ಮನೆಯೊಳಗೆ ಬರುತ್ತದೆ. ಚರಂಡಿ ದೊಡ್ಡದಾದರೆ ಕೆಳಗಿನ ಬೀದಿಯವರು ಜಗಳಕ್ಕೆ ಬರುತ್ತಾರೆ.

ನೀರು ನಿಲ್ಲುವ ಜಾಗದಲ್ಲೇ ಅದರ ಕಾರಣವೂ ಇರುವುದು ಅಪರೂಪ. ಕೆಳಗಡೆ ಎಲ್ಲೋ ಒಂದು ಮೋರಿ ಕಟ್ಟಿಕೊಂಡಿರುತ್ತದೆ. ಇಲ್ಲವೇ ಮೇಲ್ಗಡೆ ನೀರು ಇಂಗುತ್ತಿದ್ದ ಜಾಗಕ್ಕೆಲ್ಲ ಕಾಂಕ್ರೀಟ್ ಬಿದ್ದಿರುತ್ತದೆ. ಅದಕ್ಕೇ ಮೊದಲು ಕೆಳಗಡೆ ದಾರಿ ಬಿಡಿಸಬೇಕು, ಆಮೇಲೆ ಮೇಲ್ಗಡೆ ನೀರು ಹಿಡಿಯಬೇಕು. ನಿಮ್ಮ ರಸ್ತೆಗೆ ಕೈ ಹಾಕುವುದು ಕೊನೆಯಲ್ಲಿ. ಇಲ್ಲಿ ಹೇಳಿರುವುದು ಬೆಂಗಳೂರಿನ ಲೆಕ್ಕ. ಬೇರೆ ಊರಿನವರು ಕಚೇರಿಗಳ ಹೆಸರು ಬದಲಿಸಿಕೊಂಡರೆ ಬಹುಪಾಲು ಹೊಂದುತ್ತದೆ.

ಕೆಲಸಕ್ಕೆ ಇಳಿಯುವ ಮೊದಲು

ಬೆಂಗಳೂರು ನದಿ ದಂಡೆಯ ಊರಲ್ಲ. ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿರುವ ದಿಣ್ಣೆಯ ಮೇಲಿನ ಊರು. ಇಲ್ಲಿ ಬಿದ್ದ ಮಳೆ ಮುಖ್ಯವಾಗಿ ಮೂರು ಕಣಿವೆಗಳಲ್ಲಿ ಇಳಿಯುತ್ತದೆ. ವೃಷಭಾವತಿ ಕಣಿವೆಯ ನೀರು ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು ದಕ್ಷಿಣ ಪಿನಾಕಿನಿಗೆ. ಹಿಂದಿನವರು ಈ ಇಳಿಜಾರಿಗೆ ಅಡ್ಡಲಾಗಿ ಏರಿ ಕಟ್ಟಿ ಕೆರೆ ಮಾಡಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ನಡುವಿನ ದಾರಿಯೇ ರಾಜಕಾಲುವೆ.

ಆ ಸರಪಳಿಯ ಎಷ್ಟೋ ಕೊಂಡಿಗಳು ಈಗಿಲ್ಲ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ, ಚಲ್ಲಘಟ್ಟ ಕೆರೆಯ ಜಾಗದಲ್ಲಿ ಗಾಲ್ಫ್ ಮೈದಾನ. ಕೆರೆ ಹೋಯಿತು, ಇಳಿಜಾರು ಹೋಗಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್‌ನಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದರು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರಕ್ಕೆ ದೋಣಿ ಹೋಯಿತು. 2025ರ ಮೇನಲ್ಲಿ ಹೊರಮಾವಿನ ಸಾಯಿ ಲೇಔಟ್ ಮುಳುಗಿತು. ಈ ಮೂರರಲ್ಲಿ ಯಾವುದನ್ನು ತೆಗೆದುಕೊಂಡರೂ ಬರೀ ಒಳಗಿನ ಚರಂಡಿ ಸರಿ ಮಾಡಿದರೆ ಬಗೆಹರಿಯುವ ಕಥೆಯಲ್ಲ.

ಇನ್ನು ಸಮಯದ ಮಾತು. ಬೆಂಗಳೂರಿಗೆ ಏಪ್ರಿಲ್-ಮೇನಲ್ಲಿ ಗುಡುಗಿನ ಮಳೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ದೊಡ್ಡ ಮಳೆ. ಆದ್ದರಿಂದ ಮುಂದೆ ಹೇಳುವ ಹೆಚ್ಚಿನ ಕೆಲಸ ಜನವರಿಯಿಂದ ಮಾರ್ಚ್ ಒಳಗೆ ಮುಗಿಯಬೇಕು. ಜೂನ್‌ನಲ್ಲಿ ಹೂಳೆತ್ತುವುದು ಫೋಟೋಗೆ ಚೆಂದ, ಅಷ್ಟೇ.

ಹಂತ 1: ನಕ್ಷೆ ಕೂಡಿಸಿ

ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ನಿಮ್ಮ ಬಡಾವಣೆ ಹಿಂದೆ ಯಾವ ಹಳ್ಳಿಯಾಗಿತ್ತೋ ಆ ಹಳ್ಳಿಯ ಕಂದಾಯ ನಕ್ಷೆ ಸಿಗುತ್ತದೆ. ಅದರಲ್ಲಿ ಕೆರೆ, ಹಳ್ಳ, ಕಾಲುವೆ ಗುರುತಾಗಿರುತ್ತವೆ. ಅದನ್ನು ಉಪಗ್ರಹ ಚಿತ್ರದ ಪಕ್ಕ ಇಟ್ಟು ನೋಡಿ. ನಕ್ಷೆಯಲ್ಲಿ ಹಳ್ಳ ಇದ್ದ ಕಡೆ ಈಗ ರಸ್ತೆಯಿದ್ದರೆ, ಪ್ರತಿ ವರ್ಷ ಅಲ್ಲೇ ಯಾಕೆ ನೀರು ನಿಲ್ಲುತ್ತದೆ ಅನ್ನುವುದು ಅರ್ಧ ಅರ್ಥವಾದ ಹಾಗೆ.

ಪಹಣಿಯಲ್ಲಿ 'ಬಿ ಖರಾಬು' ಎಂದಿದ್ದರೆ ಗಮನ ಕೊಡಿ. ಹಳ್ಳ, ಕಾಲುವೆ, ದಾರಿಯಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗ ಅದು. ಯಾರೂ ಮಾರುವ ಹಾಗಿಲ್ಲ.

ಮೀಸಲು ವಲಯದ, ಅಂದರೆ ಕಾಲುವೆಯ ಅಕ್ಕಪಕ್ಕ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗದ ಲೆಕ್ಕದಲ್ಲಿ ತುಂಬಾ ಗೊಂದಲವಿದೆ. ನಗರ ಯೋಜನೆಯ ಮಹಾಯೋಜನೆ 2015ರ ಪ್ರಕಾರ ಮೊದಲ ದರ್ಜೆಯ ಕಾಲುವೆಗೆ 50 ಮೀಟರ್, ಎರಡನೆಯದಕ್ಕೆ 25, ಮೂರನೆಯದಕ್ಕೆ 15. ಅಳತೆ ಕಾಲುವೆಯ ನಡುಮಧ್ಯದಿಂದ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದನ್ನು ಹಿಗ್ಗಿಸಿ, ಅಂಚಿನಿಂದ ಅಳೆಯಿರಿ ಎಂದಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಹಿಗ್ಗಿಸಿದ ಭಾಗವನ್ನು ರದ್ದು ಮಾಡಿತು. ನ್ಯಾಯಮಂಡಳಿ ಆಗ ಕೆರೆಗಳಿಗೆ ಹೇಳಿದ್ದ ಅಳತೆಯ ಹಳೆಯ ಪತ್ರಿಕೆ ತುಣುಕು ಹಿಡಿದುಕೊಂಡು "75 ಮೀಟರ್" ಎಂದು ವಾದಕ್ಕೆ ಇಳಿದರೆ ಎಂಜಿನಿಯರ್ ಮುಂದೆ ಮೊದಲ ಸುತ್ತಿನಲ್ಲೇ ಸೋಲುತ್ತೀರಿ.

ಹಂತ 2: ನಡೆಯಿರಿ

ಇದನ್ನು ಬಿಟ್ಟು ಮುಂದಿನದಕ್ಕೆ ಹೋಗಬೇಡಿ. ಒಣ ಬೆಳಿಗ್ಗೆ ನಾಲ್ಕೈದು ಜನ, ಗಟ್ಟಿ ಬೂಟು, ಉದ್ದನೆಯ ಕೋಲು, ಅಳತೆ ಟೇಪು, ಮೊಬೈಲ್. ಬಡಾವಣೆಯ ತಗ್ಗಿನ ಮೂಲೆಯಿಂದ ಶುರು ಮಾಡಿ. ನೀರು ಹೋಗುವ ದಿಕ್ಕಿನಲ್ಲೇ ಕಾಲುವೆ ಮುಂದಿನ ಕೆರೆ ಸೇರುವ ತನಕ ನಡೆಯಿರಿ. ಹಳ್ಳಿಯ ಹಿರಿಯರು ಯಾರಾದರೂ ಸಿಕ್ಕರೆ ಜೊತೆಗೆ ಕರೆದುಕೊಳ್ಳಿ. "ಅಣ್ಣ, ಮೊದಲು ಕೋಡಿ ನೀರು ಯಾವ ಕಡೆ ಹೋಗ್ತಿತ್ತು?" ಎಂದು ಕೇಳಿ. ಕೆರೆಯ ನೀರು ಬಿಡುವ ಕೆಲಸ ನೋಡಿಕೊಳ್ಳುತ್ತಿದ್ದ ನೀರುಗಂಟಿ ಮನೆತನದವರು ಇದ್ದರಂತೂ ಯಾವ ಸಲಹೆಗಾರನ ವರದಿಯೂ ಅಷ್ಟು ಹೇಳುವುದಿಲ್ಲ.

ನೋಡಬೇಕಾದ್ದು ಮುಖ್ಯವಾಗಿ ಮೋರಿಗಳನ್ನು, ಅಂದರೆ ರಸ್ತೆಯ ಅಡಿಯಲ್ಲಿ ನೀರು ದಾಟುವ ಕಂಡಿಗಳನ್ನು. ಪ್ರತಿ ಮೋರಿಯ ಅಗಲ, ಎತ್ತರ, ಎಷ್ಟು ಹೂಳಿದೆ ಎಂದು ಬರೆಯಿರಿ. ಬಗ್ಗಿ ಒಳಗೆ ಟಾರ್ಚ್ ಬಿಡಿ. ಒಳಗಡೆ ಅಡ್ಡಲಾಗಿ ಒಂದು ನೀರಿನ ಪೈಪು, ಅದರ ಮೇಲೆ ಎರಡು ಕೇಬಲ್ ಹಾದುಹೋಗಿರುತ್ತವೆ. ಅವಕ್ಕೆ ಮೊದಲು ಒಂದು ಹಳೇ ಸೀರೆ ಸುತ್ತಿಕೊಳ್ಳುತ್ತದೆ. ಸೀರೆಗೆ ಪ್ಲಾಸ್ಟಿಕ್ ಚೀಲ, ಚೀಲಕ್ಕೆ ಥರ್ಮೋಕೋಲ್, ಅದಕ್ಕೆ ಎಳನೀರು ಬುರುಡೆ. ಆಯುಧಪೂಜೆ ಮುಗಿದ ಮಾರನೇ ದಿನ ಬಾಳೆಕಂದು, ಒಡೆದ ಬೂದುಗುಂಬಳ ಸೇರಿಕೊಳ್ಳುತ್ತವೆ. ಹಬ್ಬ ಬರುವುದೂ ದೊಡ್ಡ ಮಳೆಯ ಹೊತ್ತಿನಲ್ಲೇ. ಆರು ಅಡಿ ಅಗಲದ ಮೋರಿ ಹೀಗೆ ಒಂದೂವರೆ ಅಡಿಯ ಕಿಂಡಿಯಾಗುತ್ತದೆ.

ಅಗಲ ಕಡಿಮೆಯಾಗುವ ಜಾಗಗಳನ್ನು ಪ್ರತ್ಯೇಕ ಗುರುತು ಮಾಡಿ. ರೈಲ್ವೆ ಹಳಿಯ ಅಡಿ ಹೋಗುವ ಕಂಡಿಗಳು ವಿಶೇಷವಾಗಿ. ಸಾಯಿ ಲೇಔಟ್‌ನ ಮುಖ್ಯ ತೊಡಕು ಅದೇ. ಕಾಲುವೆ ಅಗಲ, ಹಳಿಯ ಕೆಳಗಿನ ಕಂಡಿ ಕಿರಿದು. ಪಾಲಿಕೆ ಮೇಲ್ಗಡೆ ಎಷ್ಟೇ ಗೋಡೆ ಕಟ್ಟಿದರೂ ರೈಲ್ವೆಯವರು ಕಂಡಿ ದೊಡ್ಡದು ಮಾಡುವ ತನಕ ನೀರು ಹಿಂದಕ್ಕೇ ತಳ್ಳುತ್ತದೆ.

ವಾಪಸ್ ಬಂದು ಬಡಾವಣೆಯೊಳಗಿನ ಮಟ್ಟ ಅಳೆಯಿರಿ. ಸರ್ವೆ ಯಂತ್ರವೇ ಬೇಕಿಲ್ಲ. ಗಾರೆ ಮೇಸ್ತ್ರಿಗಳ ಬಳಿ ಇರುವ ಲೆವೆಲ್ ಪೈಪು ಸಾಕು. ತೆಳ್ಳನೆಯ ಪಾರದರ್ಶಕ ಪೈಪಿಗೆ ನೀರು ತುಂಬಿ, ಒಳಗೆ ಗಾಳಿಗುಳ್ಳೆ ಉಳಿಯದ ಹಾಗೆ ನೋಡಿಕೊಳ್ಳಿ. ಒಬ್ಬರು ಒಂದು ತುದಿಯನ್ನು ಚರಂಡಿ ಬಾಯಿಯ ಹತ್ತಿರ, ಇನ್ನೊಬ್ಬರು ಮತ್ತೊಂದು ತುದಿಯನ್ನು ಗೇಟಿನ ಹತ್ತಿರ ಹಿಡಿಯಬೇಕು. ಎರಡೂ ಕಡೆ ನೆಲದಿಂದ ನೀರಿನ ಮಟ್ಟ ಎಷ್ಟು ಮೇಲಿದೆ ಎಂದು ಅಳೆದು ಕಳೆದರೆ ಎತ್ತರದ ವ್ಯತ್ಯಾಸ ಸಿಗುತ್ತದೆ. ಹೀಗೆ ಅಳೆದಾಗ ಬಹಳ ಬೀದಿಗಳಲ್ಲಿ ಒಂದು ತಮಾಷೆ ಹೊರಬೀಳುತ್ತದೆ. ರಸ್ತೆಗೆ ಮೇಲಿಂದ ಮೇಲೆ ಡಾಂಬರು ಹಾಕಿರುತ್ತಾರೆ, ಆದರೂ ಚರಂಡಿಗೆ ನೀರು ಬೀಳುವ ಜಾಲರಿ ಇನ್ನೂ ರಸ್ತೆಗಿಂತ ಮೇಲೆಯೇ ಕೂತಿರುತ್ತದೆ. ನೀರು ಅದಕ್ಕೆ ಹತ್ತಿ ಹೋಗುವುದಿಲ್ಲ, ಅಲ್ವಾ?

ಹಂತ 3: ಒಂದು ಹಾಳೆಯ ಲೆಕ್ಕ

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇಷ್ಟು ನೆನಪಿದ್ದರೆ ಸಾಕು. 30-40ರ ಒಂದು ನಿವೇಶನ ಸುಮಾರು 111 ಚದರ ಮೀಟರ್. ಒಂದು ಗಂಟೆಯಲ್ಲಿ 60 ಮಿ.ಮೀ. ಮಳೆ ಹೊಡೆದರೆ ಅದರ ಮೇಲೆ ಬೀಳುವುದು 6,700 ಲೀಟರ್‌ನಷ್ಟು, ಅಂದರೆ ಒಂದು ದೊಡ್ಡ ಟ್ಯಾಂಕರ್.

ಹತ್ತು ಎಕರೆಯ ಬಡಾವಣೆಗೆ ಇದೇ ಮಳೆಯ ಲೆಕ್ಕ ಹಾಕಿ. ನೂರಕ್ಕೆ 80 ಪಾಲು ಇಂಗದೆ ಹರಿದರೆ ಸುಮಾರು 19 ಲಕ್ಷ ಲೀಟರ್. ಅದನ್ನು 3,600 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ 540 ಲೀಟರ್. ನಿಮ್ಮ ಕೊನೆಯ ಮೋರಿ ಇಷ್ಟನ್ನು ಬಿಡುತ್ತದೆಯೇ ಅನ್ನುವುದೇ ಪ್ರಶ್ನೆ. ಒಳ್ಳೆಯ ಇಳಿಜಾರಿರುವ, ಒಂದು ಮೀಟರ್ ಅಗಲ, ಒಂದು ಮೀಟರ್ ಆಳದ ಖಾಲಿ ಚರಂಡಿ ಇದನ್ನು ಸುಲಭವಾಗಿ ಸಾಗಿಸುತ್ತದೆ. ಅರ್ಧ ಹೂಳು ತುಂಬಿದರೆ ಅರ್ಧ ನೀರು ಹೋಗುತ್ತದೆ ಅಂದುಕೊಳ್ಳಬೇಡಿ. ಹೂಳಿನ ತಳ ಒರಟು, ನೀರಿನ ಓಟವೂ ಕಡಿಮೆಯಾಗುತ್ತದೆ. ಹೋಗುವುದು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಹೊಸ ಚರಂಡಿಗೆ ಕೋಟಿ ಕೇಳುವ ಮೊದಲು ಹಳೆಯದರ ಹೂಳು ತೆಗೆಸಿ ಎಂದು ನಾನು ಹಠ ಹಿಡಿಯುವುದು ಇದಕ್ಕೇ.

ಹಂತ 4: ಕೊಳಚೆಯನ್ನು ಬೇರೆ ಮಾಡಿ

ಫೆಬ್ರವರಿಯಲ್ಲಿ ಮಳೆಯಿಲ್ಲ. ಆಗ ರಾಜಕಾಲುವೆಯಲ್ಲಿ ಹರಿಯುವುದೇನು? ಒಂದು ದಿನ ಬೆಳಿಗ್ಗೆ ಎಂಟಕ್ಕೂ, ಮಧ್ಯಾಹ್ನ ಮೂರಕ್ಕೂ ಹೋಗಿ ನೋಡಿ. ಬೆಳಿಗ್ಗೆ ಜಾಸ್ತಿ, ಮಧ್ಯಾಹ್ನ ಕಡಿಮೆ ಇದ್ದರೆ ಅದು ಮನೆಗಳ ಸ್ನಾನ, ಪಾತ್ರೆ, ಶೌಚದ ನೀರು. ಒಳಚರಂಡಿ ಕಟ್ಟಿಕೊಂಡು ಮ್ಯಾನ್‌ಹೋಲ್ ಉಕ್ಕುತ್ತಿರಬಹುದು, ಅಥವಾ ಯಾರೋ ಪೈಪನ್ನು ನೇರವಾಗಿ ಕಾಲುವೆಗೆ ಬಿಟ್ಟಿರಬಹುದು. ಪೈಪು ಸೇರುವ ಜಾಗಗಳ ಫೋಟೋ ತೆಗೆದು ನಕ್ಷೆಯಲ್ಲಿ ಗುರುತಿಸಿ ಜಲಮಂಡಳಿಗೆ ಕೊಡಿ. ಸಹಾಯವಾಣಿ 1916.

ಇದರ ಇನ್ನೊಂದು ಮುಖ ಮನೆಗಳಲ್ಲೇ ಇದೆ. ತಾರಸಿಯ ಮಳೆನೀರನ್ನು ಒಳಚರಂಡಿಗೆ ಸೇರಿಸಿದವರು ಕಡಿಮೆಯಿಲ್ಲ. ಮಳೆ ಬಂದಾಗ ಆ ಪೈಪು ತಡೆಯುವುದಿಲ್ಲ. ತಗ್ಗಿನ ಮನೆಯ ಬಚ್ಚಲಲ್ಲಿ ಕೊಳಚೆ ಉಕ್ಕುತ್ತದೆ. ಬಡಾವಣೆಯ ಸಭೆಯಲ್ಲಿ ಇದನ್ನು ಎತ್ತಿದರೆ ಮುಜುಗರವಾಗುತ್ತದೆ, ಆದರೂ ಎತ್ತಲೇಬೇಕು.

ಒಂದು ಎಚ್ಚರಿಕೆ. ಮ್ಯಾನ್‌ಹೋಲ್ ಕಟ್ಟಿಕೊಂಡರೆ ಯಾರನ್ನೂ ಒಳಗೆ ಇಳಿಸಬೇಡಿ, "ಇನ್ನೂರು ಜಾಸ್ತಿ ಕೊಡ್ತೀವಿ" ಎಂದು ಪುಸಲಾಯಿಸಬೇಡಿ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅದು ಅಪರಾಧ. ಒಳಗಿನ ವಿಷಾನಿಲ ನಿಮಿಷಗಳಲ್ಲಿ ಜೀವ ತೆಗೆಯುತ್ತದೆ.

ಹಂತ 5: ಹೂಳು ತೆಗೆಸುವುದು, ತೆಗೆದದ್ದನ್ನು ನೋಡುವುದು

ಯಾವುದು ಯಾರದ್ದು ಎಂದು ಮೊದಲು ತಿಳಿದುಕೊಳ್ಳಿ. ರಸ್ತೆ ಬದಿಯ ಚರಂಡಿ ವಾರ್ಡ್ ಎಂಜಿನಿಯರ್ ಕೈಯಲ್ಲಿ. ರಾಜಕಾಲುವೆಗೆ ಪ್ರತ್ಯೇಕ ಎಂಜಿನಿಯರ್‌ಗಳಿದ್ದಾರೆ. ಒಳಚರಂಡಿ ಜಲಮಂಡಳಿಯದ್ದು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳಿವೆ. ಅರ್ಜಿಯಲ್ಲಿ ನಿಮ್ಮ ಪಾಲಿಕೆಯ ಹೆಸರು ಸರಿಯಾಗಿ ಬರೆಯಿರಿ. ಇಲ್ಲದಿದ್ದರೆ "ನಮಗೆ ಸಂಬಂಧಿಸಿದ್ದಲ್ಲ" ಎಂದು ಸುಮ್ನೆ ವಾಪಸ್ ಬರುತ್ತದೆ.

ಅರ್ಜಿಯ ಜೊತೆ ನಿಮ್ಮ ನಡಿಗೆಯ ನಕ್ಷೆ, ಮೋರಿಗಳ ಅಳತೆ, ಫೋಟೋ ಇರಲಿ. "ನಮ್ಮಲ್ಲಿ ನೀರು ನುಗ್ಗುತ್ತದೆ" ಎಂಬ ಪತ್ರಕ್ಕೂ "ಇಂಥ ಅಡ್ಡರಸ್ತೆಯ ಮೋರಿಯಲ್ಲಿ ನಾಲ್ಕಡಿಗೆ ಎರಡೂವರೆ ಅಡಿ ಹೂಳಿದೆ, ಅಡ್ಡಲಾಗಿ ಪೈಪಿದೆ" ಎಂಬ ಪತ್ರಕ್ಕೂ ಸಿಗುವ ಉತ್ತರ ಬೇರೆ. ಎಂಜಿನಿಯರ್ ಅದನ್ನೇ ಅಂದಾಜು ಪಟ್ಟಿಗೆ ಇಳಿಸಬಹುದು.

ಕೆಲಸ ಮುಗಿಯಿತು ಎಂದಾಗ ಅದೇ ಕೋಲು ಹಿಡಿದು ಮತ್ತೆ ಹೋಗಿ. ತೆಗೆದ ಹೂಳು ದಡದಲ್ಲೇ ಗುಡ್ಡೆ ಬಿದ್ದಿದ್ದರೆ ಮೊದಲ ಮಳೆಗೆ ಮತ್ತೆ ಒಳಗೆ ಹೋಗುತ್ತದೆ. ಅನುಮಾನ ಬಂದರೆ ಮಾಹಿತಿ ಹಕ್ಕಿನಲ್ಲಿ ಕಾರ್ಯಾದೇಶ ಮತ್ತು ಅಳತೆ ಪುಸ್ತಕದ ಪ್ರತಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಕಥೆ ಬರೆಯಲು ಹೋಗಬೇಡಿ.

ಹಂತ 6: ಮೇಲ್ಗಡೆಯೇ ನೀರು ಹಿಡಿಯಿರಿ

ಇಂಗುಬಾವಿ ಬೆಂಗಳೂರಿಗೆ ಚೆನ್ನಾಗಿ ಹೊಂದುತ್ತದೆ. ತೋಡಲು, ಬಾವಿ ತೋಡುವುದನ್ನೇ ಕಸುಬು ಮಾಡಿಕೊಂಡ ಮಣ್ಣು ವಡ್ಡರ ಸಮುದಾಯದವರಿಗಿಂತ ತಿಳಿದವರಿಲ್ಲ. ನೆಲ ನೋಡಿಯೇ ಎಲ್ಲಿ ಜೇಡಿ, ಎಲ್ಲಿ ಮೊರಮು ಎಂದು ಹೇಳುತ್ತಾರೆ. ಕಬ್ಬನ್ ಪಾರ್ಕಿನಲ್ಲೂ ಅವರು ತೋಡಿದ ಇಂಗುಬಾವಿಗಳಿವೆ. ಮೂರಡಿ ಅಗಲ, 20 ಅಡಿ ಆಳ, ಸಿಮೆಂಟ್ ರಿಂಗು, ತಳಕ್ಕೆ ಕಾಂಕ್ರೀಟ್ ಹಾಕುವಂತಿಲ್ಲ. ಇಂಥ ಒಂದು ಬಾವಿ ಒಮ್ಮೆಗೆ 4,000 ಲೀಟರ್ ಹಿಡಿಯುತ್ತದೆ. ನಮ್ಮ ಹತ್ತು ಎಕರೆ ಬಡಾವಣೆಯಲ್ಲಿ ನೂರು ಮನೆಯವರು ಮಾಡಿಸಿದರೆ 4 ಲಕ್ಷ ಲೀಟರ್. ಹರಿದು ಹೋಗುವ 19 ಲಕ್ಷದಲ್ಲಿ ಐದನೇ ಒಂದು ಪಾಲು. ಇಂಗುಬಾವಿಯೊಂದರಿಂದಲೇ ನೆರೆ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸಿ. ಉಪಯೋಗವೇ ಇಲ್ಲ ಅಂದವರಿಗೂ ಇದೇ ಲೆಕ್ಕ ತೋರಿಸಿ.

ತಾರಸಿಯ ನೀರನ್ನು ಸೋಸಿ ಬಿಡಿ. ರಸ್ತೆಯ ನೀರನ್ನು ನೇರವಾಗಿ ಬಿಡಬೇಡಿ, ಎಣ್ಣೆ, ಕೊಳಚೆ ಎಲ್ಲ ಅಂತರ್ಜಲಕ್ಕೆ ಸೇರುತ್ತದೆ. ಕೆರೆ ಏರಿಯ ಕೆಳಗಿನ ಜಾಗಗಳಲ್ಲಿ ಐದಾರು ಅಡಿಗೇ ನೀರು ಸಿಕ್ಕರೆ ಇಂಗುಬಾವಿ ಬೇಡ. ಈಗಾಗಲೇ ತುಂಬಿರುವ ನೆಲಕ್ಕೆ ಇನ್ನೇನು ಇಳಿಯುತ್ತದೆ?

ಇದಕ್ಕಿಂತ ಅಗ್ಗದ, ಯಾರೂ ಯೋಚಿಸದ ದಾರಿ ಇನ್ನೊಂದಿದೆ. ಅದು ಪಾರ್ಕು. ನಮ್ಮ ಪಾರ್ಕುಗಳೆಲ್ಲ ರಸ್ತೆಗಿಂತ ಎತ್ತರದಲ್ಲಿವೆ, ಸುತ್ತ ಕಟ್ಟೆ ಬೇರೆ. ಮಳೆ ಬಂದರೆ ಅಲ್ಲಿಂದಲೂ ನೀರು ರಸ್ತೆಗೇ ಇಳಿಯುತ್ತದೆ. ಒಂದು ಎಕರೆ ಪಾರ್ಕಿನ ಹುಲ್ಲು ನೆಲವನ್ನು ಆರು ಇಂಚು ತಗ್ಗಿಸಿ, ಮೇಲಿನ ರಸ್ತೆಯ ಕಡೆ ಕಟ್ಟೆ ಒಡೆದು ಒಳದಾರಿ ಕೊಟ್ಟರೆ 6 ಲಕ್ಷ ಲೀಟರ್ ನಿಲ್ಲುತ್ತದೆ. ನೂರು ಇಂಗುಬಾವಿಗಿಂತ ಒಂದೂವರೆ ಪಟ್ಟು! ಮಾರನೇ ದಿನ ನೀರು ಇಂಗಿರುತ್ತದೆ. ವಾಕಿಂಗ್ ಹಾದಿ ಮಾತ್ರ ಮೇಲಿರಲಿ. ಆ ಒಂದು ದಿನಕ್ಕೆ ಹಿರಿಯರು ಬೈಯಬಹುದು, ಸಹಿಸಿಕೊಳ್ಳಿ.

ಇನ್ನು ಕೆರೆ. ಏಪ್ರಿಲ್‌ನಲ್ಲೇ ಕೆರೆ ತುಂಬಿ ತುಳುಕುತ್ತಿದ್ದರೆ ಖುಷಿ ಪಡಬೇಡಿ. ಅದು ಕೊಳಚೆಯಿಂದ ತುಂಬಿದ ಕೆರೆ. ಮಳೆನೀರಿಗೆ ಅಲ್ಲಿ ಜಾಗವಿಲ್ಲ, ಬಂದದ್ದೆಲ್ಲ ಕೋಡಿ ದಾಟುತ್ತದೆ. ಹಿಂದೆ ಏರಿಯ ಬುಡದಲ್ಲಿ ನೀರು ಬಿಡುವ ಕಂಡಿಯಾದ ತೂಬು ಎತ್ತಿ ಗದ್ದೆಗೆ ನೀರು ಬಿಡುತ್ತಿದ್ದರು, ಕೆರೆ ತಾನಾಗಿ ಖಾಲಿಯಾಗುತ್ತಿತ್ತು. ಗದ್ದೆ ಹೋದ ಮೇಲೆ ತೂಬನ್ನು ಮುಚ್ಚಿಬಿಟ್ಟರು. 20 ಎಕರೆ ಕೆರೆಯಲ್ಲಿ ಒಂದೇ ಒಂದು ಅಡಿ ಖಾಲಿ ಇದ್ದರೂ ಸುಮಾರು ಎರಡೂವರೆ ಕೋಟಿ ಲೀಟರ್ ಹಿಡಿಯುತ್ತದೆ. ನಿಮ್ಮ ಕೆರೆಯ ಅಭಿವೃದ್ಧಿ ಯೋಜನೆಯಲ್ಲಿ ತೂಬಿಗೆ ಗೇಟು ಇದೆಯೇ, ಮಳೆಗೆ ಮುಂಚೆ ಅದನ್ನು ಎತ್ತುವವರು ಯಾರು ಎಂದು ಕೇಳಿ. ದೀಪ, ಬೆಂಚು, ಜಿಮ್ ಆಮೇಲೆ ಆಗಲಿ.

ಹಂತ 7: ಕಾಲುವೆಗೆ ಜೀವ ತರುವುದು

ಎರಡೂ ಕಡೆ ಗೋಡೆ, ತಳಕ್ಕೂ ಕಾಂಕ್ರೀಟ್ ಹಾಕಿದ ಕಾಲುವೆಯಲ್ಲಿ ನೀರು ವೇಗವಾಗಿ ಓಡುತ್ತದೆ. ನಿಮಗೆ ಲಾಭ, ಕೆಳಗಿನವರಿಗೆ ಎಲ್ಲ ನೀರೂ ಒಟ್ಟಿಗೇ. ಜಾಗ ಇಕ್ಕಟ್ಟಾದ ಕಡೆ ಗೋಡೆ ಅನಿವಾರ್ಯ, ಒಪ್ಪೋಣ. ಜಾಗ ಇರುವ ಕಡೆ ತಳ ಮಣ್ಣಾಗಿಯೇ ಇರಲಿ ಎಂದು ಕೇಳಿ. ದಡವನ್ನು ಇಳಿಜಾರಾಗಿ ಕಡಿದು, ಬುಡಕ್ಕೆ ಕಲ್ಲು ತುಂಬಿದ ತಂತಿ ಬುಟ್ಟಿ ಇಟ್ಟು, ಮೇಲೆ ಲಾವಂಚ ನೆಟ್ಟರೆ ಬೇರು ಮಣ್ಣನ್ನು ಹಿಡಿಯುತ್ತದೆ. ನೀರು ಕೆರೆಗೆ ಸೇರುವ ಬಾಯಲ್ಲಿ ಜೊಂಡು ಬೆಳೆಯಲು ಬಿಡಿ. ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದ ನೀರು ಇಂಥ ಜೌಗು ದಾಟಿಯೇ ಕೆರೆ ಸೇರುತ್ತದೆ. ಅಂತರಗಂಗೆ ಮಾತ್ರ ಬೇಡ, ಕಂಡ ವಾರವೇ ತೆಗೆಸಿ.

ದೊಡ್ಡ ಮಟ್ಟದಲ್ಲಿ ನೋಡಬೇಕಾದರೆ ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರು ಕೆರೆಯತ್ತ ಸಾಗುವ ಕೆ-100 ಕಾಲುವೆ ಇದೆ. ಕೊಳಚೆಯನ್ನು ಬೇರೆ ಪೈಪಿಗೆ ತಿರುಗಿಸಿ, ದಡದಲ್ಲಿ ನಡೆಯುವ ದಾರಿ ಮಾಡುವುದು ಯೋಜನೆ. ಶಾಂತಿನಗರದ ಆಸುಪಾಸು ಒಮ್ಮೆ ನಡೆದು ಬನ್ನಿ. ನನ್ನ ಕಣ್ಣಿಗೆ ಅಲ್ಲಿನ ದೊಡ್ಡ ಪಾಠ ಇಷ್ಟು: ಹಾದಿ, ಗಿಡ, ಬೇಲಿ ಮಾಡುವುದು ಸುಲಭ, ಕೊಳಚೆಯನ್ನು ಪ್ರತಿದಿನ ಹೊರಗಿಡುವುದೇ ಕಷ್ಟ. ಆದ್ದರಿಂದ ಹಂತ 4 ಮುಗಿಯದೆ ಹಂತ 7ಕ್ಕೆ ದುಡ್ಡು ಹಾಕಬೇಡಿ.

ಒತ್ತುವರಿಯ ಬಗ್ಗೆ

ಇದು ನಾಜೂಕಿನ ವಿಷಯ. ಸರ್ವೆ ಮಾಡಿ ಗಡಿ ಕಲ್ಲು ನೆಡುವುದು ತಹಶೀಲ್ದಾರ್ ಮತ್ತು ಭೂಮಾಪಕರ ಕೆಲಸ. ನೀವು ಮಾಡಬೇಕಾದ್ದು ಜಂಟಿ ಸರ್ವೆಗೆ ಲಿಖಿತ ಅರ್ಜಿ ಕೊಟ್ಟು, ಸರ್ವೆ ದಿನ ಅಲ್ಲಿ ಹಾಜರಿರುವುದು. ಬುಲ್ಡೋಜರ್ ಬಂದಾಗ ಮೊದಲು ಬೀಳುವುದು ದಡದ ಶೀಟಿನ ಮನೆಗಳು. ಅಪಾರ್ಟ್‌ಮೆಂಟಿನ ಕಾಂಪೌಂಡು, ಲೇಔಟಿನ ಗೇಟು ಕಾಲುವೆಯನ್ನೇ ನುಂಗಿದ್ದರೂ ತಡೆಯಾಜ್ಞೆ ಹಿಡಿದು ನಿಂತಿರುತ್ತವೆ. ಪಟ್ಟಿ ಮಾಡುವಾಗ ನಿಮ್ಮ ಬಡಾವಣೆಯ ಒತ್ತುವರಿಯನ್ನೇ ಮೊದಲ ಸಾಲಿನಲ್ಲಿ ಬರೆಯಿರಿ. ಆಗ ಮಾತ್ರ ಉಳಿದವರು ನಿಮ್ಮ ಮಾತು ಕೇಳುತ್ತಾರೆ.

ಮಳೆಯ ದಿನಕ್ಕೆ ತಯಾರಿ

ಮೇಲಿನದೆಲ್ಲ ಆಗಲು ವರ್ಷಗಳು ಬೇಕು. ಈ ವರ್ಷದ ಮಳೆ ಕಾಯುವುದಿಲ್ಲ. ತಗ್ಗಿನ ಮನೆಯವರು ಒಳಚರಂಡಿ ಪೈಪಿಗೆ ಕೊಳಚೆ ವಾಪಸ್ ಬರದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್ ಹಾಕಿಸಿ. ಸಂಪಿನ ಮುಚ್ಚಳವನ್ನು ನೆಲದಿಂದ ಎತ್ತರಿಸಿ. ಮೀಟರ್ ಬೋರ್ಡು, ನೆಲಮಾಳಿಗೆಯ ಪಂಪಿನ ಸ್ವಿಚ್ಚು ಎದೆಯ ಮಟ್ಟಕ್ಕಿಂತ ಮೇಲಿರಲಿ. ಗೇಟಿನ ಎರಡೂ ಕಂಬಕ್ಕೆ ಕಬ್ಬಿಣದ ಸಿ-ಚಾನೆಲ್ ಕೂರಿಸಿಕೊಂಡರೆ ಮಳೆಯ ಸಂಜೆ ಹಲಗೆ ಇಳಿಸಿ ಎರಡಡಿ ನೀರು ತಡೆಯಬಹುದು.

ಮಳೆಯ ಮುನ್ಸೂಚನೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮೇಘಸಂದೇಶ ಆ್ಯಪ್ ಇದೆ. ಮಳೆ ಜೋರಾದರೆ ನೆಲಮಾಳಿಗೆಗೆ ಕಾರು ತೆಗೆಯಲು ಯಾರೂ ಇಳಿಯಬಾರದು. ಇದನ್ನು ಮಕ್ಕಳಿಗಿಂತ ದೊಡ್ಡವರಿಗೇ ಹೇಳಬೇಕು. ನೀರು ಬೋರ್ಡಿನ ಹತ್ತಿರ ಬರುತ್ತಿದ್ದರೆ ಮುಟ್ಟಬೇಡಿ, 1912ಕ್ಕೆ ಫೋನ್ ಮಾಡಿ ಬೆಸ್ಕಾಂನವರಿಂದ ಲೈನ್ ತೆಗೆಸಿ. ಪಾಲಿಕೆಯ ದೂರಿಗೆ 1533.

ನೀರು ಇಳಿದ ಮೇಲೆ ಸಂಪು ಪೂರ್ತಿ ಖಾಲಿ ಮಾಡಿ, ಉಜ್ಜಿ, ಬ್ಲೀಚಿಂಗ್ ಪುಡಿ ಹಾಕಿ ತೊಳೆಯದೆ ಬಳಸಬೇಡಿ. ಬರಿಗಾಲಲ್ಲಿ ಕೆಸರು ತೆಗೆಯಬೇಡಿ, ಇಲಿ ಜ್ವರ ಬರುವುದು ಹಾಗೆಯೇ. ಮುಂದಿನ ಹತ್ತು-ಹದಿನೈದು ದಿನಗಳಲ್ಲಿ ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ "ನೆರೆ ನೀರಲ್ಲಿ ಓಡಾಡಿದ್ದೆ" ಎಂದು ಹೇಳಲು ಮರೆಯಬೇಡಿ.

ಗೋಡೆಯ ಮೇಲಿನ ಕೆಸರಿನ ಗೆರೆ ತೊಳೆಯುವ ಮೊದಲು ಟೇಪು ಹಿಡಿದು ಫೋಟೋ ತೆಗೆಯಿರಿ. ನೀರು ಬಂದ ಹೊತ್ತು, ಇಳಿದ ಹೊತ್ತು, ಆ ದಿನದ ಮಳೆಯ ಪ್ರಮಾಣ ಬರೆದಿಡಿ. ಮಳೆ ನಿಂತು ಗಂಟೆಗಟ್ಟಲೆ ಆದರೂ ನೀರು ಇಳಿಯದಿದ್ದರೆ ತೊಡಕು ಕೆಳಗಿನ ಮೋರಿಯಲ್ಲಿದೆ. ಮಳೆಯ ಜೊತೆಗೇ ಏರಿ ಜೊತೆಗೇ ಇಳಿದರೆ ಮೇಲಿನಿಂದ ಬರುವ ನೀರು ಜಾಸ್ತಿ. ಜನವರಿಯಲ್ಲಿ ಎಂಜಿನಿಯರ್ ಮುಂದೆ ಮೊದಲು ಇಡಬೇಕಾದ ಹಾಳೆ ಅದು.